ಹಿಂದಿನ ಕಾಲು

ಎದುರಿಗೆ ಕೂತ ತಮ್ಮ ಮೊಟ್ಟೆ ತಿನ್ನುತ್ತಿದ್ದ. ನೋಡುತ್ತ ನೋಡುತ್ತ ಮೇಷ್ಟ್ರಿಗೆ ಹೇಸಿಗೆಯಾಯಿತು. ಬೇಯಿಸಿದ ಮೊಟ್ಟೆಯ ಬಿಳಿಯದನ್ನು ಮೊದಲು ಬಿಡಿಸಿ ತಿಂದು, ಹಳದಿಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು, ಅದು ಅಂಗುಳಕ್ಕೆ ಅಂಟಿದಾಗ ನಾಲಿಗೆಯಿಂದ ಬಿಡಿಸಿಕೊಳ್ಳುವ ಆ ಚಪ ಚಪ ಸದ್ದು! ಬಿಳಿಯದು ಮೊದಲು, ಹಳದಿ ಆಮೇಲೆ, ನೀರು ಕಡೆಗೆ. ಹಾಗೆ ತಿನ್ನಬೇಕು ಅಂತ ಹೇಳಿಕೊಟ್ಟವರು ಬೇರೆ ಯಾರೂ ಅಲ್ಲ, ಮೇಷ್ಟ್ರೇ. ಯಾವ ಕಾಲದಲ್ಲಿ ಹೇಳಿದ್ದೋ, ಯಾಕೆ ಹೇಳಿದ್ದೋ ಅವರಿಗೇ ನೆನಪಿಲ್ಲ. ಆಟಗಾರ ಅಂದಮೇಲೆ ಏನೋ ಒಂದು ಪಥ್ಯ ಇರಬೇಕಲ್ಲ ಅಂತ ಬಾಯಿಗೆ ಬಂದದ್ದು ಹೇಳಿರಬೇಕು. ಇವನು ಅದನ್ನು ಹಿಡಿದುಕೊಂಡು ಕೂತಿದ್ದಾನೆ. ನಲವತ್ತು ಹತ್ತಿರ ಬಂದ ಗಂಡಸು, ಇಬ್ಬರು ಮಕ್ಕಳ ತಂದೆ, ಕಿವಿಯ ಹತ್ತಿರ ಕೂದಲು ನರೆತಿದೆ, ಇನ್ನೂ ಅಣ್ಣ ಹೇಳಿದ ಹಾಗೆ ಮೊಟ್ಟೆ ತಿನ್ನುತ್ತಾನೆ. ಥೂ, ಒಂದು ದಿನವಾದರೂ ಹಳದಿಯನ್ನು ಮೊದಲು ತಿನ್ನೋ ಮಾರಾಯ ಅಂತ ಕಿರುಚಬೇಕು ಅನ್ನಿಸಿತು. ಕಿರುಚಲಿಲ್ಲ. ಕಿರುಚಿದರೆ ನಾಳೆಯಿಂದ ಅದನ್ನೂ ಹಾಗೇ ಮಾಡುತ್ತಾನೆ, ಸಾಯುವ ತನಕ ಮಾಡುತ್ತಾನೆ.

ತಮ್ಮನ ಹೆಂಡತಿ ಕಾದ ಕಾವಲಿಯ ಮೇಲೆ ಬಟ್ಟೆ ಮಡಿಸಿಟ್ಟು ಬಿಸಿ ಮಾಡಿ ಅವನ ಬಲಮಂಡಿಗೆ ಒತ್ತುತ್ತಿದ್ದಳು. ಮಂಡಿ ಊದಿ ಹೊಳೆಯುತ್ತಿತ್ತು. ಬಟ್ಟೆ ಸೋಕಿದಾಗ ಅವನು ಉಸಿರು ಒಳಗೆ ಎಳೆದುಕೊಂಡ, ಆದರೆ ಅಣ್ಣನ ಮುಖ ನೋಡಿ ಏನೂ ಆಗದವನ ಹಾಗೆ ನಕ್ಕ. ಆ ನಗುವೂ ಮೇಷ್ಟ್ರಿಗೆ ಹೇಸಿಗೆಯಾಯಿತು. ಇವತ್ತು ಮಧ್ಯಾಹ್ನ ಸೋಪಿನ ಕಾರ್ಖಾನೆಯ ಬೇಸ್‌ಬಾಲ್ ತಂಡಕ್ಕೆ ಆಯ್ಕೆ. ತಂಡದಲ್ಲಿ ಇರುವ ತನಕ ಅರ್ಧ ದಿನ ಆಫೀಸಿನಲ್ಲಿ ಕೂತು ಮಾಡುವ ಕೆಲಸ, ಉಳಿದರ್ಧ ಮೈದಾನ. ತಂಡದಿಂದ ಬಿದ್ದರೆ ಸೋಮವಾರದಿಂದ ಲೋಡಿಂಗು. ಸೋಪಿನ ಪೆಟ್ಟಿಗೆಗಳನ್ನು ಹೊತ್ತು ಲಾರಿಗೆ ಏರಿಸಬೇಕು. ಆ ಮಂಡಿ ಇಟ್ಟುಕೊಂಡು ಅದು ಒಂದು ತಿಂಗಳೂ ನಡೆಯುವ ಮಾತಲ್ಲ ಅಂತ ಮನೆಯಲ್ಲಿ ಮೂವರಿಗೂ ಗೊತ್ತು. ಯಾರೂ ಬಾಯಿಬಿಟ್ಟು ಆಡಿರಲಿಲ್ಲ. ತಮ್ಮ ಸ್ನಾನಕ್ಕೆ ಹೋದ ಮೇಲೆ ಅವಳು ಬಟ್ಟೆ ಮಡಿಸುತ್ತ, ಮುಖ ಎತ್ತದೆ ಶುರು ಮಾಡಿದಳು.

"ಭಾವ, ಒಂದು ಮಾತು. ಬೇಜಾರು ಮಾಡ್ಕೋಬಾರ್ದು."

"ಹೇಳು."

"ಇವತ್ತೊಂದಿನ ನೀವು ಗ್ರೌಂಡಿಗೆ ಹೋಗ್ಬೇಡಿ."

"ಯಾಕೆ, ನಾನು ಹೋದ್ರೆ ಗ್ರೌಂಡು ಸವೆದುಹೋಗುತ್ತಾ?"

"ತಮಾಷೆ ಬೇಡ ಭಾವ. ನೀವಿದ್ರೆ ಅವ್ರು ಒಂಥರಾ ಹೊಡೀತಾರೆ, ನೀವಿಲ್ದಿದ್ರೆ ಇನ್ನೊಂಥರಾ. ನಂಗೆ ಆಟಗೀಟ ತಿಳಿಯಲ್ಲ. ಸಂಜೆ ಮಕ್ಕಳನ್ನ ಕರ್ಕೊಂಡು ಹೋದಾಗ ನೋಡಿದೀನಿ, ಅಷ್ಟೆ."

"ಯಾವಾಗಿಂದ?"

"ನಾನು ಮದುವೆಯಾಗಿ ಬಂದಾಗಿಂದ್ಲೂ ಹಾಗೇ," ಅಂದಳು. ಅಂದವಳು ಒಲೆಯ ಕಡೆ ತಿರುಗಿಕೊಂಡಳು. ಮೇಷ್ಟ್ರು ಕಾಫಿಯ ಲೋಟದ ತಳದಲ್ಲಿ ಉಳಿದ ಗಸಿಯನ್ನೇ ನೋಡುತ್ತ, "ನಾನ್ಯಾಕಮ್ಮ ಹೋಗ್ಲಿ, ನಂಗೇನು ಬೇರೆ ಕೆಲಸ ಇಲ್ವಾ?" ಅಂದರು. ಬೇರೆ ಕೆಲಸ ಇರಲಿಲ್ಲ. ಹೋದ ವರ್ಷ ತಂಡದ ಕೋಚ್ ಕೆಲಸದಿಂದ ನಿವೃತ್ತಿಯಾದ ಮೇಲೆ ಅವರಿಗೆ ಉಳಿದಿದ್ದ ಒಂದೇ ಕೆಲಸ ದಿನಾ ಬೆಳಿಗ್ಗೆ ಮೈದಾನಕ್ಕೆ ಹೋಗಿ ನೆಟ್ಟಿನ ಹಿಂದೆ ಕೈಕಟ್ಟಿ ನಿಲ್ಲುವುದು. ಸಂಜೆಯ ಅಭ್ಯಾಸಕ್ಕೆ ಕೋಚ್ ಆಗಿದ್ದಾಗಲೂ ಹೋಗುತ್ತಿರಲಿಲ್ಲ, ಹೊತ್ತು ಇಳಿದರೆ ಮೊದಲಿನಿಂದಲೂ ಕಣ್ಣು ಮಂಜು.

ಮದುವೆಯಾಗಿ ಬಂದಾಗಿಂದಲೂ! ಹಾಗಾದರೆ ಅವಳಿಗೂ ಗೊತ್ತು, ತಂಡಕ್ಕೂ ಗೊತ್ತು, ಮೈದಾನದ ನಾಯಿಗೂ ಗೊತ್ತಿರಬೇಕು. ಗೊತ್ತಿಲ್ಲದೆ ಇದ್ದವರು ಹೇಳಿಕೊಟ್ಟವರೊಬ್ಬರೇ. ಮೇಷ್ಟ್ರು ಕೋಣೆಗೆ ಹೋಗಿ ಮಂಚದ ಮೇಲೆ ಬಿದ್ದುಕೊಂಡರು. ಕಿಟಕಿಯಿಂದ ಕಾರ್ಖಾನೆಯಲ್ಲಿ ಕೊಬ್ಬು ಕುದಿಸುವ ವಾಸನೆ ಬರುತ್ತಿತ್ತು. ಇಡೀ ಊರಿಗೆ ಶುಚಿ ಹಂಚುವ ಕಾರ್ಖಾನೆ, ಅದರ ಹೊಟ್ಟೆಯಿಂದ ಬರುವುದು ಹೆಣದ ನಾತ. ಇಷ್ಟು ವರ್ಷ ಮೂಗಿಗೆ ಹತ್ತದಿದ್ದ ವಾಸನೆ ಎರಡು ದಿನದಿಂದ ತಲೆಗೇರುತ್ತಿದೆ. ಎರಡು ದಿನದಿಂದ, ಅಂದರೆ ಆ ಹಾಳಾದ ಮೀಟಿಂಗಿನಿಂದ. ಹೊಸ ಕೋಚ್, ಎಲ್ಲರೂ ವಿಡಿಯೋ ಮೇಡಂ ಅನ್ನುವ ಹುಡುಗಿ, ಕ್ಯಾಂಟೀನಿನ ಗೋಡೆಗೆ ಬಿಳಿ ಬಟ್ಟೆ ಕಟ್ಟಿಸಿ ಅದರ ಮೇಲೆ ಚಿತ್ರ ಬಿಟ್ಟಳು. ಆಟಗಾರರ ವಿಡಿಯೋದಿಂದ ಕಂಪ್ಯೂಟರು ಬಿಡಿಸಿದ ಎರಡು ಆಕೃತಿ, ಅಕ್ಕಪಕ್ಕ. ಮುಖವಿಲ್ಲ, ಬಟ್ಟೆಯಿಲ್ಲ, ಮೂಳೆಗೆ ಬದಲಾಗಿ ಗೆರೆ, ಕೀಲಿಗೆ ಬದಲಾಗಿ ಚುಕ್ಕೆ. ಹಳೆಯ ಕೋಚ್ ಅನ್ನುವ ಮರ್ಯಾದೆಗೆ ಮೇಷ್ಟ್ರನ್ನೂ ಕರೆದಿದ್ದರು, ಮರ್ಯಾದೆಗೆ ತಕ್ಕ ಹಾಗೆ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. ಮುಂದೆ ಕೂತವರ ತಲೆಗಳು ಅಡ್ಡ ಬಂದು ಆಕೃತಿಗಳ ಪಾದ ಅವರಿಗೆ ಕಾಣಿಸಲಿಲ್ಲ. ಮಂಡಿಯಿಂದ ಮೇಲೆ ಮಾತ್ರ ಕಂಡಿತು. ಎಡಗಡೆಯವನು ಬೀಸಿದ. ಸೊಂಟ ತಿರುಗಿತು ಸರಿ, ಆದರೆ ಇದ್ದಲ್ಲೇ ತಿರುಗಿತು. ಭಾರವೆಲ್ಲ ಹಿಂದೆಯೇ ಕೂತುಬಿಟ್ಟಿತ್ತು, ಎದೆ ಹಿಂದಕ್ಕೆ ವಾಲಿತು, ಬ್ಯಾಟು ಬರುವುದಕ್ಕೆ ಮೊದಲೇ ತೋಳುಗಳ ಕಸುವು ಮುಗಿದುಹೋಗಿತ್ತು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಇವನ್ಯಾವನಪ್ಪಾ, ಸೊಂಟ ಹಿಡ್ಕೊಂಡವನು ಬಾಗಿಲು ತಳ್ಳೋ ಹಾಗೆ ತಳ್ತಿದಾನೆ!" ಅಂದುಬಿಟ್ಟರು. ಕ್ಯಾಂಟೀನು ಬಿದ್ದುಬಿದ್ದು ನಕ್ಕಿತು. ಪಕ್ಕದಲ್ಲಿ ಕೂತಿದ್ದ ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ.

ಆಮೇಲೆ ಬಲಗಡೆಯವನು ಬೀಸಿದ. ಅದನ್ನು ನೆನೆದರೆ ಈಗಲೂ ಮೇಷ್ಟ್ರ ಮೈ ಜುಮ್ಮೆನ್ನುತ್ತದೆ. ಮುಂದಿನ ಕಾಲು ಮೆಲ್ಲಗೆ ನೆಲ ಮುಟ್ಟಿತು, ಮುಟ್ಟಿ ಗೂಟದ ಹಾಗೆ ನಿಂತಿತು. ಸೊಂಟ ಹೊರಟಿತು, ಕೈಗಳು ಇನ್ನೂ ಹಿಂದೆ, ಭುಜದ ಹತ್ತಿರ, ಅವಸರವೇ ಇಲ್ಲದೆ. ಸೊಂಟ ಕರೆದ ಮೇಲೆ ಎದೆ, ಎದೆ ಕರೆದ ಮೇಲೆ ಮೊಣಕೈ, ಎಲ್ಲರೂ ಹೋದ ಮೇಲೆ ಕಟ್ಟಕಡೆಗೆ ಬ್ಯಾಟು. ತಡವಾಗಿ ಹೊರಟದ್ದಕ್ಕೇ ಅದಕ್ಕೆ ಅಷ್ಟು ವೇಗ. ಮೇಲಿನಿಂದ ಇಳಿಯುತ್ತಿದ್ದ ಚೆಂಡಿನ ದಾರಿಗೆ ಕೆಳಗಿನಿಂದ ಒಂದಿಷ್ಟೇ ಏರಿ ಹೋಗಿ ಸೇರಿತು. ಬ್ಯಾಟು ಬೀಸುವುದು ತೋಳಿನ ಕೆಲಸವಲ್ಲ ಕಣ್ರೋ, ನೆಲದಿಂದ ಎತ್ತಿಕೊಂಡ ಬಲವನ್ನು ಕೀಲಿನಿಂದ ಕೀಲಿಗೆ ದಾಟಿಸಿ ಕೊನೆಯಲ್ಲಿ ಬಿಟ್ಟುಕೊಡೋದು ಅಂತ ಅವರೇ ಸಾವಿರ ಸಲ ಗಂಟಲು ಹರಿದುಕೊಂಡಿದ್ದರು. ಆದರೆ ಅದು ಹಾಗೆ ನಡೆಯುವುದನ್ನು ಅವರು ಎಂದೂ ನೋಡಿರಲಿಲ್ಲ. "ನೋಡ್ರೋ, ಬೀಸು ಅಂದ್ರೆ ಇದು!" ಅಂತ ಬೆಂಚಿನಿಂದ ಎದ್ದುನಿಂತರು. "ಯಾರಮ್ಮ ಇವನು? ಎಲ್ಲಿಂದ ತಂದ್ರಿ? ಇವನನ್ನ ಬಿಡಬೇಡಿ."

ವಿಡಿಯೋ ಮೇಡಂ ಸಂಕೋಚದಿಂದ ನಕ್ಕಳು. ಅವಳು ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಮೇಷ್ಟ್ರೇ, ಎರಡೂ ಒಬ್ಬರೇ. ನಿಮ್ಮ ತಮ್ಮ. ಎಡಗಡೇದು ಬೆಳಿಗ್ಗೆ ತೆಗೆದಿದ್ದು, ಬಲಗಡೇದು ಸಂಜೆ ತೆಗೆದಿದ್ದು," ಅಂದಳು. ಆಮೇಲೆ ಮುಂದಿನವರನ್ನು ಸರಿಸಿ ಪಾದ ತೋರಿಸಿದಳು. ಎಡಗಡೆ, ಹಿಂದಿನ ಪಾದ, ಅದೇ ಊದಿದ ಬಲಮಂಡಿಯ ಕಾಲಿನದು, ನೆಲಕ್ಕೆ ಕಚ್ಚಿಕೊಂಡು ಇದ್ದಲ್ಲೇ ಗಿರಕಿ ಹೊಡೆಯುತ್ತಿತ್ತು. ಬಲಗಡೆ ಅದೇ ಪಾದ ಭಾರ ಕಳಚಿಕೊಂಡು, ಬೆರಳ ತುದಿ ಮಾತ್ರ ನೆಲ ಸವರುತ್ತ ಮುಂದಕ್ಕೆ ಎಳೆದುಕೊಂಡು ಬರುತ್ತಿತ್ತು. "ಹೀಗೆ ಕಾಲು ಊರಿ ತಿರುಚಿದ್ರೆ ಬಲವೆಲ್ಲ ಮಂಡಿ ತಿನ್ನುತ್ತೆ, ಚೆಂಡಿಗೆ ಏನೂ ಸಿಗಲ್ಲ. ಈ ಅಭ್ಯಾಸ ಯಾರು ಮಾಡಿಸಿದ್ದು ನಿಮಗೆ?" ಅಂತ ತಮ್ಮನನ್ನು ಕೇಳಿದಳು. ಹೊಸಬಳು, ಅವಳಿಗೆ ಗೊತ್ತಿರಲಿಲ್ಲ. ಉಳಿದವರಿಗೆಲ್ಲ ಗೊತ್ತಿತ್ತು. ಆ ಮೈದಾನದಲ್ಲಿ ಅವರ ಅಡ್ಡಹೆಸರೇ ಹೊಸಕು ಮೇಷ್ಟ್ರು. ಹಿಂದಿನ ಕಾಲಿನ ಕೆಳಗೆ ಹುಳ ಇದೆ ಅಂದ್ಕೋ, ಬೀಸುವಾಗ ಅದನ್ನ ಹೊಸಕು ಅನ್ನುವುದೇ ಅವರ ಪಾಠ. ಎಲ್ಲರೂ ನೆಲ ನೋಡಿದರು. ತಮ್ಮ ಎದ್ದುನಿಂತು, "ಯಾರೂ ಮಾಡಿಸಿಲ್ಲ ಮೇಡಂ, ನಂದೇ ಕೆಟ್ಟ ಚಾಳಿ," ಅಂದ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಗಾಜಿನಲ್ಲಿ ಕೊಳೆ ಇರಲಿಲ್ಲ, ಆದರೂ ಒರೆಸಿದರು, ಮೀಟಿಂಗು ಮುಗಿಯುವ ತನಕ ಒರೆಸಿದರು.

ಮಧ್ಯಾಹ್ನ ಊಟ ಮುಗಿಸಿ, ಸುಮ್ಮನೆ ಒಂದು ಸುತ್ತು ಹೋಗಿಬರುತ್ತೇನೆ ಅಂತ ಮೇಷ್ಟ್ರು ಹೊರಟರು. ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ಅವರ ಕಾಲಲ್ಲಿದ್ದ ಮೈದಾನದ ಬೂಟನ್ನು ನೋಡಿದಳು, ಏನೂ ಅನ್ನಲಿಲ್ಲ. ಅನ್ನದಿದ್ದುದಕ್ಕೆ ಅವರಿಗೆ ಸಿಟ್ಟು ಬಂತು. ಮೂಲೆಯ ಅಂಗಡಿಯ ತನಕ ಅಂದುಕೊಂಡರು. ಅಂಗಡಿ ದಾಟಿತು. ಗೇಟಿನ ತನಕ ಹೋಗಿ, ಆಯ್ಕೆ ಶುರುವಾಯಿತಾ ಅಂತ ಕೇಳಿ ವಾಪಸು ಬಂದರೆ ಯಾರ ಗಂಟೇನು ಹೋಗುತ್ತದೆ? ರಸ್ತೆಯ ಚರಂಡಿಯಲ್ಲಿ ಕಾರ್ಖಾನೆಯ ನೊರೆ ಬೂದು ಬಣ್ಣಕ್ಕೆ ತಿರುಗಿ ತೇಲುತ್ತಿತ್ತು. ನೊರೆಯ ಅಂಚಿನಲ್ಲಿ ಒಂದು ಜಿರಲೆ ಮೀಸೆ ಆಡಿಸುತ್ತಿತ್ತು. ಜಿರಲೆ. ತಮ್ಮನಿಗಾಗ ಹತ್ತು ವರ್ಷವೋ ಏನೋ. ಸಾಮಾನಿಡುವ ಶೆಡ್ಡಿನಲ್ಲಿ, ಬರಿಗಾಲಲ್ಲಿ ಅವನನ್ನು ನಿಲ್ಲಿಸಿ, ಎಷ್ಟು ಹೇಳಿದರೂ ಹಿಂದಿನ ಕಾಲು ಹಾರಿಬರುತ್ತಿದೆ, ನೆಲದಲ್ಲಿ ನಿಲ್ಲುತ್ತಿಲ್ಲ ಅಂತ ರೇಗಿ, ಮೂಲೆಯಲ್ಲಿ ಓಡುತ್ತಿದ್ದ ದಪ್ಪನೆಯ ಜಿರಲೆಯನ್ನು ಕಾಗದದಲ್ಲಿ ಹಿಡಿದು ತಂದು ಅವನ ಅಂಗಾಲಿನ ಕೆಳಗೆ ಇಟ್ಟಿದ್ದರು. ಹೂಂ, ಬೀಸು, ಹೊಸಕು. ಹುಡುಗ ಅಣ್ಣನ ಮುಖ ನೋಡಿದ, ಬೀಸಿದ, ಹೊಸಕಿದ. ಚಿಟ್ ಅಂತ ಒಂದು ಸದ್ದು. ಬಿಳಿಯದು ಬೆರಳ ಸಂದಿಗೆ ಬಂತು. ಅವನು ಅಳಲಿಲ್ಲ, ಕಾಲು ತೆಗೆಯಲೂ ಇಲ್ಲ. ಹೊಸಕುತ್ತಲೇ ಇದ್ದ, ಇವರು ಸಾಕು ಅನ್ನುವ ತನಕ. ಆಮೇಲೆ ಹಿತ್ತಲಿಗೆ ಹೋಗಿ ಕಕ್ಕಿಕೊಂಡು ಬಂದು ಮತ್ತೆ ಬ್ಯಾಟು ಹಿಡಿದು ನಿಂತ. ಅವತ್ತಿನಿಂದ ಒಂದು ದಿನವೂ ತಪ್ಪಿಲ್ಲ. ಈ ಕಥೆಯನ್ನು ಮೇಷ್ಟ್ರು ಎಷ್ಟು ಜನರ ಮುಂದೆ ಹೇಳಿ ನಗಿಸಿಲ್ಲ! ಶಿಷ್ಯ ಅಂದರೆ ಹೀಗಿರಬೇಕು ಅಂತ ಅವನ ಬೆನ್ನು ತಟ್ಟಿಸಿಲ್ಲ! ಅವನೂ ಅಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದ. ಹಾರಿಬರುತ್ತಿದ್ದ ಕಾಲು, ಅಲ್ಲವೇ. ತಾನಾಗಿಯೇ ಹಾರಿಬರುತ್ತಿದ್ದ ಕಾಲು. ಬಲಗಡೆಯ ಆಕೃತಿ ಹತ್ತು ವರ್ಷಕ್ಕೇ ಅವನ ಮೈಯಲ್ಲಿತ್ತು.

ಗೇಟಿನಲ್ಲಿ ಕಾವಲಿನವನು ಎದ್ದು ಸೆಲ್ಯೂಟ್ ಹೊಡೆದ. "ಏನ್ ಮೇಷ್ಟ್ರೇ, ಹೊರಗೇ ನಿಂತ್ರಿ? ನಿಮ್ಮ ತಮ್ಮನ ಸರದಿ ಇನ್ನೇನು ಬಂತು. ಹೋಗಿ ಹೋಗಿ, ನೀವಿಲ್ದೆ ಅವ್ರು ಹೇಗೆ ಹೊಡೀತಾರೆ?" ಅವನು ಅಂದದ್ದು ಒಳ್ಳೆಯ ಮನಸ್ಸಿನಿಂದಲೇ. ಮೇಷ್ಟ್ರು ಒಳಗೆ ಹೋದರು. ಆದರೆ ಮೈದಾನದ ಕಡೆಗೆ ಹೋಗಲಿಲ್ಲ, ಅಷ್ಟರಮಟ್ಟಿಗೆ ತಡೆದುಕೊಂಡರು. ನೆಟ್ಟಿನ ಹಿಂದಿರುವ ಮೂತ್ರಖಾನೆಯೊಳಗೆ ಸೇರಿಕೊಂಡರು. ನೆಟ್ಟಿಗೂ ಅದಕ್ಕೂ ಮಧ್ಯೆ ಒಂದು ಗೋಡೆ, ಅದರಾಚೆ ದಪ್ಪ ಪರದೆ. ಅಲ್ಲಿಂದ ಅವರು ಯಾರಿಗೂ ಕಾಣರು, ಅವರಿಗೂ ಏನೂ ಕಾಣದು. ತೊಟ್ಟಿ ಕಟ್ಟಿಕೊಂಡು ನೀರು ನೆಲಕ್ಕೆ ಹರಿದಿತ್ತು, ಯಾರೋ ಕಾರ್ಖಾನೆಯ ಸೋಪಿನ ಚೂರುಗಳನ್ನು ಎಸೆದಿದ್ದರು, ಅವು ಉಚ್ಚೆಯಲ್ಲಿ ನೆನೆದು ಕೊಳೆತ ಹಣ್ಣಿನ ಹಾಗೆ ಮೆತ್ತಗಾಗಿದ್ದವು. ಗೋಡೆಯ ಮೇಲೆ ಯಾರದೋ ಕಫ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬೂಟಿಗೆ ನೀರು ತಾಗದ ಹಾಗೆ ಒಂದು ಇಟ್ಟಿಗೆಯ ಮೇಲೆ ನಿಂತರು. ನಿನಗೆ ಇದೇ ಸರಿಯಾದ ಜಾಗ ಅಂತ ತಮಗೆ ತಾವೇ ಹೇಳಿಕೊಂಡರು. ಹೇಳಿಕೊಂಡದ್ದರಲ್ಲಿ ಒಂದು ಸಣ್ಣ ಸುಖವೂ ಇತ್ತು. ಅದು ಗೊತ್ತಾಗಿ ಇನ್ನಷ್ಟು ಅಸಹ್ಯವಾಯಿತು.

ಆಚೆ ಚೆಂಡೆಸೆಯುವ ಯಂತ್ರ ಗೊರಗುಟ್ಟುತ್ತಿತ್ತು. ಯಾರೋ ಹೊಡೆಯುತ್ತಿದ್ದರು, ಕೆಟ್ಟದಾಗಿ ಹೊಡೆಯುತ್ತಿದ್ದರು. ಕಣ್ಣು ಮಂಜಾದರೂ ಮೇಷ್ಟ್ರ ಕಿವಿ ಚುರುಕು. ಚೆಂಡು ಬ್ಯಾಟಿನ ತಪ್ಪು ಜಾಗಕ್ಕೆ ತಾಗಿದರೆ ಸದ್ದಿಗೆ ಒಂದು ಬಾಲ ಇರುತ್ತದೆ, ಗುಂಯ್ ಅಂತ ಹಿಡಿಯ ತನಕ ನಡುಗಿಕೊಂಡು ಬರುತ್ತದೆ. ಸರಿಯಾಗಿ ತಾಗಿದರೆ ಬಾಲವಿಲ್ಲ, ಟಕ್ ಅಂತ ಒಣ ಸದ್ದು, ಅಷ್ಟೆ. ಹೊಡೆದವನ ಕೈಗೆ ಚೆಂಡು ತಾಗಿದ್ದೇ ಗೊತ್ತಾಗುವುದಿಲ್ಲ. ಸ್ವಲ್ಪ ಹೊತ್ತಿಗೆ ಮೇಡಂ ತಮ್ಮನನ್ನು ಕರೆದದ್ದು ಕೇಳಿಸಿತು. "ಒಂದು ಬುಟ್ಟಿ ಬಾಲ್ ಅಷ್ಟೆ. ಸಂಜೆ ಹೊಡೀತೀರಲ್ಲ, ಹಾಗೆ. ಯಾರೂ ನೋಡ್ತಿಲ್ಲ ಅಂದ್ಕೊಳ್ಳಿ." ತಮ್ಮ ಏನೋ ಗೊಣಗಿದ. ಬಹುಶಃ ಅಣ್ಣ ಬಂದಿಲ್ವಾ ಅಂತ ಕೇಳಿರಬೇಕು, ಅವಳು ಇಲ್ಲ ಅಂದಳು. ಯಂತ್ರ ಒಂದು ಸಲ ಕೆಮ್ಮಿತು. ಟಕ್. ಮೇಷ್ಟ್ರ ಕೈಯಲ್ಲಿದ್ದ ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. ಟಕ್. ಮತ್ತೆ ಟಕ್. ಪ್ರತಿಯೊಂದು ಒಂದೇ ಸದ್ದು, ಅಳೆದು ಕೊಟ್ಟ ಹಾಗೆ. ಬೇರೆ ಆಟಗಾರರು ಮಾತು ನಿಲ್ಲಿಸಿದರು. ಯಾರೋ ಸಿಳ್ಳೆ ಹಾಕಿದ. "ಏನ್ ಸ್ಪೀಡು ನೋಡ್ರೋ!" ಅಂದ ಇನ್ನೊಬ್ಬ, ಯಂತ್ರದ ಪಕ್ಕದ ಹಲಗೆಯಲ್ಲಿ ಅಂಕಿ ಬೆಳಗಿರಬೇಕು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಉಚ್ಚೆಯ ಖಾರಕ್ಕೋ, ಖುಷಿಗೋ, ಎರಡೂ ಒಂದೇ ಆಗಿತ್ತು. ಬದುಕಿಕೊಂಡ, ನನ್ನಪ್ಪ, ಬದುಕಿಕೊಂಡ. ಲೋಡಿಂಗಿಗೆ ಹೋಗಬೇಕಾಗಿಲ್ಲ, ಮಂಡಿ ಉಳಿಯಿತು. ಇನ್ನು ಹೀಗೇ ಹಿಂದಿನಿಂದ ಜಾರಿಕೊಂಡು, ಗೇಟು ದಾಟಿ, ಮನೆಗೆ ಹೋಗಿ, ಏನೂ ಗೊತ್ತಿಲ್ಲದವರ ಹಾಗೆ ಮಲಗಿಬಿಡಬೇಕು.

ಜಾರಿಕೊಳ್ಳಲಿಲ್ಲ. ಒಂದು ಸಲ, ಒಂದೇ ಒಂದು ಸಲ ನೋಡಬೇಕು ಅನ್ನಿಸಿತು. ಬಟ್ಟೆಯ ಮೇಲಿನ ಗೆರೆಗಳನ್ನಲ್ಲ, ಮೈ ಮಾಂಸ ಇರುವ ತಮ್ಮನನ್ನು. ಇಷ್ಟು ವರ್ಷ ಕಣ್ಣೆದುರಿಗೇ ಬೆಳೆದವನನ್ನು ಜಗತ್ತೆಲ್ಲ ನೋಡಿದೆ, ತಾವೊಬ್ಬರೇ ನೋಡಿಲ್ಲ. ತಂಡ ನೋಡಿದೆ, ಅವನ ಹೆಂಡತಿ ಮಕ್ಕಳು ನೋಡಿದ್ದಾರೆ. ನೋಡಬಾರದ ಒಬ್ಬನೇ ಒಬ್ಬ ಮನುಷ್ಯ ಹೇಳಿಕೊಟ್ಟವನೇ ಆಗಬೇಕೇ, ಎಂಥ ಕರ್ಮ! ಪರದೆಯಲ್ಲಿ ಒಂದು ಹರಕು ಇತ್ತು, ಅವರಿಗೆ ಗೊತ್ತಿತ್ತು. ಹೊಲಿಸಿ ಅಂತ ಎಷ್ಟು ಸಲ ಹೇಳಿದ್ದರು. ಇಟ್ಟಿಗೆಯಿಂದ ಇಳಿದರು. ನೀರು ಬೂಟಿನೊಳಗೆ ಬಂತು. ಗೋಡೆ ಸುತ್ತಿ, ಉಸಿರು ಬಿಗಿಹಿಡಿದು, ಹರಕಿಗೆ ಕಣ್ಣಿಟ್ಟರು. ತಮ್ಮ ನಿಂತಿದ್ದ. ಹೆಗಲು ಸಡಿಲ, ಬಾಯಿ ಸ್ವಲ್ಪ ತೆರೆದಿತ್ತು. ಮನೆಯಲ್ಲಿ ಎಂದೂ ಇರದ ಒಂದು ನಿರಾಳ ಅವನ ಮುಖದಲ್ಲಿತ್ತು. ಚೆಂಡು ಬಂತು. ಮುಂದಿನ ಕಾಲು ನೆಲ ಮುಟ್ಟಿತು, ಸೊಂಟ ಹೊರಟಿತು, ಕೈಗಳು ಕಾದವು. ಹಿಂದಿನ ಕಾಲು ಹಗುರಾಗಿ, ಯಾರ ಅಪ್ಪಣೆಯೂ ಬೇಡದೆ, ನೆಲ ಬಿಟ್ಟು ಬಂತು. ಟಕ್. ಚೆಂಡು ಎದುರಿನ ಬಲೆಯ ಮೇಲಂಚಿಗೆ ಬಡಿದು ಬಲೆ ಹಿಂದಕ್ಕೆ ಉಬ್ಬಿತು.

"ಶಭಾಷ್!"

ಕೂಗಿದವರು ಯಾರು ಅಂತ ಮೇಷ್ಟ್ರಿಗೆ ಒಂದು ಕ್ಷಣ ತಿಳಿಯಲಿಲ್ಲ. ಬಾಯಿ ಅವರದೇ. ಹುಟ್ಟಿದಾಗಿನಿಂದ ಅವನ ಆಟಕ್ಕೆ ಆ ಮಾತು ಹೇಳಿದವರಲ್ಲ. ಹೊಗಳಿದರೆ ಆಟಗಾರ ಕೆಡುತ್ತಾನೆ ಅನ್ನುವುದು ಅವರ ಇನ್ನೊಂದು ಪಾಠ. ತಮ್ಮ ಗಕ್ಕನೆ ಪರದೆಯ ಕಡೆ ತಿರುಗಿದ. ಅವನ ಮುಖ ಅರಳಿತು, ಹಾಗೆ ಅರಳಿದ್ದನ್ನು ಅವರು ಅವನ ಮದುವೆಯಲ್ಲೂ ನೋಡಿರಲಿಲ್ಲ. ಮರುಕ್ಷಣ ಆ ಮುಖ ಗಂಭೀರವಾಯಿತು, ಹೆಗಲು ಬಿಗಿಯಾಯಿತು, ಬಾಯಿ ಮುಚ್ಚಿಕೊಂಡಿತು. ಬಲಗಾಲನ್ನು ಎತ್ತಿ ನೆಲಕ್ಕೆ ಎರಡು ಸಲ ತಿಕ್ಕಿ ಊರಿಕೊಂಡ. ಬೇಡವೋ, ಬೇಡ. ಚೆಂಡು ಬಂತು. ಕಾಲು ಇದ್ದಲ್ಲೇ ಗಿರಕಿ ಹೊಡೆಯಿತು. ಗುಂಯ್. ಅವನು ತುಟಿ ಕಚ್ಚಿಕೊಂಡು ಮಂಡಿ ಸವರಿಕೊಂಡ, ಮತ್ತೆ ಊರಿಕೊಂಡ. ಗುಂಯ್. "ಏನಾಯ್ತು? ಮುಂಚಿನ ಥರಾನೇ ಹೊಡೀರಿ," ಅಂತ ಮೇಡಂ ಕೂಗಿದಳು. ಅವನು ತಲೆಯಾಡಿಸಿದ, ಆಡಿಸಿ ಮತ್ತೆ ಹಾಗೇ ಹೊಡೆದ. ಬುಟ್ಟಿಯಲ್ಲಿ ಇನ್ನೂ ಅರ್ಧದಷ್ಟು ಚೆಂಡುಗಳಿದ್ದವು. ಒಂದು ಮಾತು ಸಾಕಿತ್ತು. ಕಾಲು ಬಿಡೋ, ನಾನು ಹೇಳಿಕೊಟ್ಟದ್ದು ತಪ್ಪು ಕಣೋ, ಅಂತ ಪರದೆಯಾಚೆಯಿಂದ ಕೂಗಿದ್ದರೆ ಅವನು ಆ ಮಾತನ್ನೂ ಚಾಚೂ ತಪ್ಪದೆ ಪಾಲಿಸುತ್ತಿದ್ದ. ಮೇಷ್ಟ್ರು ಬಾಯಿ ತೆರೆದರು. ಆಚೆ ಇಡೀ ತಂಡ ನಿಂತಿತ್ತು, ಮೇಡಂ ನಿಂತಿದ್ದಳು, ಎರಡು ದಿನದ ಹಿಂದೆ ನೆಲ ನೋಡಿದವರೆಲ್ಲ ನಿಂತಿದ್ದರು. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಸದ್ದಾಗುವ ಹಾಗೆ ಹೆಜ್ಜೆ ಹಾಕುತ್ತ ದೂರ ಹೋದರು, ಹೋದದ್ದು ಅವನಿಗೆ ಕೇಳಲಿ ಅಂತ. ಕೇಳಿದ್ದರೂ ಏನು ಬಂತು, ಅಣ್ಣ ಬಂದು ನೋಡಿ ಹೋದ ಮೇಲೆ ಅವನು ಹೇಗೆ ತಪ್ಪಿಯಾನು? ಗೇಟಿನ ತನಕವೂ ಬೆನ್ನ ಹಿಂದೆ ಆ ಬಾಲ ಇರುವ ಸದ್ದು ಬರುತ್ತಲೇ ಇತ್ತು. ಅಸಹ್ಯಪಟ್ಟು ಉಗಿದರು, ಬರೀ ಎಂಜಲು ಬಂತು.

ಗೇಟಿನ ಹೊರಗೆ ವಿದ್ಯುತ್ ಕಂಬದ ಕೆಳಗೆ ನಿಂತುಕೊಂಡರು. ಒದ್ದೆ ಬೂಟಿನಿಂದ ನಾತ ಬರುತ್ತಿತ್ತು. ಆ ಕೂಗು ನಿಜವಾಗಿಯೂ ಖುಷಿಯಿಂದ ಬಂದದ್ದೇ? ಅಥವಾ ಅಷ್ಟು ಚೆಂದದ ಸದ್ದು ತನ್ನ ಹೆಸರಿಲ್ಲದೆ ಆಗುತ್ತಿದೆಯಲ್ಲ ಅಂತ ಹೊಟ್ಟೆಯೊಳಗೆ ಕೂತಿದ್ದ ಯಾವನೋ ಕೂಗಿದನೇ? ಎರಡನ್ನೂ ತಿರುಗಿಸಿ ತಿರುಗಿಸಿ ನೋಡಿದರು, ಬೇರೆ ಮಾಡಲಾಗಲಿಲ್ಲ. ಬಹಳ ಹೊತ್ತಿನ ಮೇಲೆ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡು, ಬಲಗಾಲು ಎಳೆದುಕೊಂಡು ಬಂದ. ಕಾವಲಿನವನು ಅವನ ಮುಖ ನೋಡಿ ಬೇರೆ ಕಡೆ ತಿರುಗಿಕೊಂಡ. ಏನಾಯಿತು ಅಂತ ಕೇಳುವ ಧೈರ್ಯ ಮೇಷ್ಟ್ರಿಗಿರಲಿಲ್ಲ. ಅವನೇ ಹೇಳಿದ.

"ಆಗ್ಲಿಲ್ಲ ಅಣ್ಣ. ಒಂದೊಂದ್ಸಲ ಒಂದೊಂಥರಾ ಹೊಡೆದ್ರೆ ಮ್ಯಾಚಿಗೆ ನಂಬೋಕಾಗಲ್ಲ, ಸೋಮವಾರದಿಂದ ಲೋಡಿಂಗಿಗೆ ಬಾ ಅಂದ್ರು."

ಇಬ್ಬರೂ ನಡೆಯತೊಡಗಿದರು. ಕೊಬ್ಬಿನ ವಾಸನೆ ರಸ್ತೆಯುದ್ದಕ್ಕೂ ಹಬ್ಬಿತ್ತು. ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು, ಅಣ್ಣನಿಗೆ ಸಮಾಧಾನ ಹೇಳುವವನ ಹಾಗೆ ಹತ್ತಿರ ಬಂದ.

"ಹೋಗ್ಲಿ ಬಿಡು ಅಣ್ಣ, ನೀನು ಯೋಚ್ನೆ ಮಾಡ್ಬೇಡ. ಮೊದ್ಲು ನೀನು ಕಾಣ್ಲಿಲ್ವಲ್ಲ, ಏನೋ ಗಾಬರಿ, ಕಾಲೆಲ್ಲ ಎಲ್ಲೆಲ್ಲೋ ಹೋಗ್ತಿತ್ತು. ನೀನು ಬಂದ್ಮೇಲೆ ಸರಿಹೋಯ್ತು. ನೀನು ಶಭಾಷ್ ಅಂದ್ಯಲ್ಲ, ನಂಗೆ ಅಷ್ಟು ಸಾಕು."

ಅವನು ಸುಳ್ಳು ಹೇಳುತ್ತಿದ್ದಾನೋ, ನಿಜವಾಗಿಯೂ ಹಾಗೇ ನಂಬಿದ್ದಾನೋ? ಮೇಷ್ಟ್ರು ಅವನ ಮುಖ ನೋಡಿದರು. ಸುಳ್ಳಾಗಿದ್ದರೆ ಕರುಣೆ, ನಿಜವಾಗಿದ್ದರೆ ಇನ್ನೂ ಕೆಟ್ಟದ್ದು. ಆ ಮುಖದಲ್ಲಿ ಏನೂ ಓದಲಾಗಲಿಲ್ಲ, ಬೆವರಿತ್ತು, ಆಯಾಸವಿತ್ತು, ಅಣ್ಣ ಏನಾದರೂ ಹೇಳಲಿ ಅನ್ನುವ ಆ ಹಳೆಯ ಕಾತರವಿತ್ತು. ಈಗ ಹೇಳಬಹುದು. ಯಾರೂ ಇಲ್ಲ, ತಂಡವಿಲ್ಲ, ಮೇಡಂ ಇಲ್ಲ, ರಸ್ತೆ ಖಾಲಿ. ಈಗಲಾದರೂ ಹೇಳಿಬಿಡಬೇಕು, ನಾನು ನಿನ್ನ ಮಂಡಿ ತಿಂದೆ ಕಣೋ, ನಿನ್ನ ಮೈಗೆ ಹುಟ್ಟಿನಿಂದ ಬಂದದ್ದನ್ನು ನಾನು ಹಾಳುಮಾಡಿದೆ, ಇನ್ನು ನನ್ನ ಮಾತು ಕೇಳಬೇಡ ಅಂತ. ಮಾತು ಪೂರ್ತಿ ಸಿದ್ಧವಾಗಿತ್ತು, ಗಂಟಲ ತನಕ ಬಂದಿತ್ತು. ಮೇಷ್ಟ್ರು ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಎಡಭುಜ ಸ್ವಲ್ಪ ಬೇಗ ಬಿಡ್ತಿದೀಯ," ಅಂದರು.

ತಮ್ಮ ನಿಂತುಬಿಟ್ಟ. ರಸ್ತೆಯ ಮಧ್ಯದಲ್ಲೇ ಚೀಲ ಕೆಳಗಿಟ್ಟು, ಬ್ಯಾಟು ಹೊರತೆಗೆದು, ನೋವಿಗೆ ಹಲ್ಲು ಕಚ್ಚಿಕೊಂಡು ಬಲಗಾಲನ್ನು ಡಾಂಬರಿನ ಮೇಲೆ ಊರಿ, ಎಡಭುಜವನ್ನು ಗಲ್ಲದ ಕೆಳಗೆ ತಂದುಕೊಂಡು, ಅಣ್ಣನ ಕಡೆ ನೋಡಿದ.

"ಹೀಗಾ, ಅಣ್ಣ?"